ಹಯಗ್ರೀವ ಉಡುಪರ ಮಧ್ಯಲೋಪ ಸಿದ್ಧಾಂತ

ಹಯಗ್ರೀವ ಉಡುಪರಿಗೆ ಜೀವನದಲ್ಲಿ ಹೇಳಿಕೊಳ್ಳುವಂಥ ಕೊರತೆ ಏನೂ ಇರಲಿಲ್ಲ. ಥಾಣೆ ಪೂರ್ವದ ಕೋಪರಿಯಲ್ಲಿ, ಸ್ಟೇಷನ್ನಿನಿಂದ ಏಳು ನಿಮಿಷದ ದಾರಿಯಲ್ಲಿ (ಇದು ಅವರು ಓಡಿ ಅಳೆದ ಲೆಕ್ಕ, ನಡೆದರೆ ಹನ್ನೊಂದು) ಎರಡು ಕೋಣೆಯ ಸ್ವಂತ ಮನೆ. ಬೇಲಾಪುರದ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್ ಕೆಲಸ. ಕೈಹಿಡಿದ ಹೆಂಡತಿ ವಾರಿಜಾ, ಕಾಲೇಜಿಗೆ ಹೋಗುವ ಮಗಳು ನಿಶಾ. ಸಕ್ಕರೆ ಕಾಯಿಲೆ ಕೂಡ ಇನ್ನೂ ಒಳಗೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲೇ ನಿಂತಿತ್ತು. ಇದ್ದದ್ದು ಒಂದೇ ಒಂದು ಕೊರಗು. ಅದರ ಹೆಸರು ವಂದನಾರ್ಪಣೆ.

ಕೋಪರಿ ಕನ್ನಡ ಬಳಗದ ಆಮಂತ್ರಣ ಪತ್ರಿಕೆಯಲ್ಲಿ ಹದಿನಾಲ್ಕು ವರ್ಷಗಳಿಂದ ಅವರ ಹೆಸರು ಕಟ್ಟಕಡೆಗೆ, 'ಕಾರ್ಯಕ್ರಮದ ನಂತರ ಲಘು ಉಪಾಹಾರವಿದೆ' ಎಂಬ ಸಾಲಿಗಿಂತ ಒಂದೇ ಒಂದು ಸಾಲು ಮೇಲೆ ಅಚ್ಚಾಗುತ್ತಿತ್ತು. ಸಭಿಕರು ಓದುತ್ತಿದ್ದದ್ದು ಕೆಳಗಿನ ಸಾಲನ್ನು. ಅಧ್ಯಕ್ಷರ ಭಾಷಣ ಮುಗಿದು ಉಡುಪರು ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಇಡೀ ಸಭೆ ಗೋಳಿಬಜೆಯ ಮುಂದೆ ಸಾಲು ಹಚ್ಚಿರುತ್ತಿತ್ತು. ಹೀಗಾಗಿ ಹದಿನಾಲ್ಕು ವರ್ಷ ಅವರು ಧನ್ಯವಾದ ಹೇಳಿದ್ದು ಖಾಲಿ ಕುರ್ಚಿಗಳಿಗೆ. ಕುರ್ಚಿ ಬಾಡಿಗೆಗೆ ಕೊಟ್ಟವನಿಗೂ ತಪ್ಪದೆ ಹೇಳುತ್ತಿದ್ದರು. ಅವನೊಬ್ಬನೇ ಅಲ್ಲಿ ಇರುತ್ತಿದ್ದದ್ದು, ಯಾವಾಗ ಮುಗಿಯುತ್ತದೆ, ಯಾವಾಗ ಮಡಚಿಡುವುದು ಎಂದು ಕಾಯುತ್ತಾ. (ಈ ಕಥೆ ಹೇಳುವವನೂ ಬಳಗದ ಸದಸ್ಯನೇ. ಗೋಳಿಬಜೆಯ ಸಾಲಿನಲ್ಲಿ ಮೊದಲನೆಯವನು ಯಾರಾಗಿರುತ್ತಿದ್ದ ಎಂದು ಕೇಳಬೇಡಿ.)

ಎರಡು ಸಾವಿರದ ಹನ್ನೊಂದರಲ್ಲಿ ಬಳಗದ ಸಾಂಸ್ಕೃತಿಕ ಕಾರ್ಯದರ್ಶಿಗಳು ಮನೆ ಮಾರಿ ಪನ್ವೇಲ್ ಕಡೆ ಹೋದರು. ಕಾರ್ಯದರ್ಶಿಯ ಕುರ್ಚಿ ಖಾಲಿಯಾಯಿತು. ಅದೇನು ಸಾಮಾನ್ಯ ಕುರ್ಚಿಯೇ? ವೇದಿಕೆಯ ಮೇಲೆ ಅಧ್ಯಕ್ಷರ ಎಡಗಡೆಗೆ, ಹತ್ತಿ ತುಂಬಿದ ಕುರ್ಚಿ. ಕೂತವರ ಹೆಸರು ಪತ್ರಿಕೆಯ ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ. ಆ ಕುರ್ಚಿಯ ಯೋಚನೆಯಲ್ಲಿ ಉಡುಪರಿಗೆ ಒಂದು ವಾರ ಅನ್ನ ರುಚಿಸಲಿಲ್ಲ. (ತಿಂದದ್ದು ಎಂದಿನಷ್ಟೇ, ರುಚಿಸಲಿಲ್ಲ ಅಷ್ಟೆ.) ಅಷ್ಟರಲ್ಲಿ ಅಧ್ಯಕ್ಷ ಲೀಲಾಧರ ಶೆಟ್ಟರ ಫೋನು ಬಂತು. ಶೆಟ್ಟರು ಪಕ್ಕದ ಕಳವಾ ಊರಿನಲ್ಲಿ ಹೋಟೆಲು ಇಟ್ಟವರು. ಎಷ್ಟು ದೊಡ್ಡ ವಿಷಯವನ್ನೂ ಗಲ್ಲಾದಲ್ಲಿ ಕೂತು ಎರಡು ಮಾತಿನಲ್ಲಿ ಮುಗಿಸುವವರು.

"ಉಡುಪ್ರೇ, ತಿಂಗಳ ಉಪನ್ಯಾಸಕ್ಕೆ ಬರ್ಬೇಕಿದ್ದ ಪ್ರೊಫೆಸರಿಗೆ ಸೊಂಟ ಹಿಡಿದಿದೆಯಂತೆ. ನೀವು ಭಾರೀ ಇಂಗ್ಲಿಷ್ ಸಿನೆಮಾ ನೋಡ್ತೀರಲ್ಲ, ಅದರದ್ದೇ ಏನಾದ್ರೂ ಮಾತಾಡಿ ಮಾರಾಯ್ರೆ."

"ಅಮೆರಿಕನ್ ಮತ್ತು ಬ್ರಿಟಿಷ್ ಚಿತ್ರ ನಿರ್ಮಾಣ ಶೈಲಿ: ಒಂದು ತೌಲನಿಕ ವಿವೇಚನೆ, ಆಗಬಹುದಾ?" ಉಡುಪರು ಉಸಿರೂ ಬಿಡದೆ ಕೇಳಿದರು. ಈ ಶೀರ್ಷಿಕೆ ಅವರ ಬಳಿ ಆರು ವರ್ಷದಿಂದ ತಯಾರಿತ್ತು.

"ಎಂತದಾದ್ರೂ ಆದೀತು. ಚೆಂದ ಆದ್ರೆ ಆ ಕಾರ್ಯದರ್ಶಿ ವಿಷಯ ಅಲ್ಲೇ ಸ್ಟೇಜಲ್ಲೇ ಹೇಳಿಬಿಡುವ."

ಫೋನು ಇಟ್ಟವರೇ ಉಡುಪರು ಕ್ಯಾಲೆಂಡರು ನೋಡಿದರು. ಇನ್ನು ಮೂರು ವಾರ. ಒಂದು ಭಾಷಣ ಚೆನ್ನಾಗಿ ಆದರೆ ಖಾಲಿ ಕುರ್ಚಿಗಳಿಂದ ಶಾಶ್ವತ ಬಿಡುಗಡೆ.

ಉಡುಪರ ಚಲನಚಿತ್ರ ವ್ಯಾಸಂಗ ಹೇಗೆ ನಡೆಯುತ್ತಿತ್ತು ಎಂದು ಇಲ್ಲಿ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಹಿಂದಿ ಸಿನೆಮಾ ನೋಡುವವರು ಕೋಪರಿಯಲ್ಲಿ ಬೇಕಾದಷ್ಟು ಜನ; ಇಂಗ್ಲಿಷಿನದು ನೋಡುವವನು ಒಬ್ಬನಾದರೂ ಇರಬೇಡವೇ ಎಂಬ ಲೋಕಹಿತದ ದೃಷ್ಟಿಯಿಂದ ಅವರು ಸ್ಟೇಷನ್ ಬದಿಯ ಡಿವಿಡಿ ಅಂಗಡಿಯ ಸದಸ್ಯರಾಗಿದ್ದರು. ಪ್ರತಿ ಭಾನುವಾರ ಒಂದು ಚಿತ್ರ. ಒಂದು ವಾರ ಅಮೆರಿಕದ್ದು, ಮರುವಾರ ಬ್ರಿಟನ್ನಿನದು. ಮಧ್ಯಾಹ್ನ ಅನ್ನ, ಸಾರು, ಹುಳಿ, ಒಂದು ಪಲ್ಯ, ಮೇಲೆ ಮಜ್ಜಿಗೆ ಅನ್ನ, ಇಷ್ಟನ್ನು ಮುಗಿಸಿ ದಿವಾನದ ಮೇಲೆ ಕೂತು, ಮಡಿಲಲ್ಲಿ ಉದ್ದದ ನೋಟುಬುಕ್ಕು ಇಟ್ಟುಕೊಂಡು ಅವರು ಅಧ್ಯಯನಕ್ಕೆ ತೊಡಗುತ್ತಿದ್ದರು. ವಾರಿಜಾ ಕೆಳಗೆ ಚಾಪೆಯ ಮೇಲೆ ಕೂತು ಬಸಳೆ ಸೋಸುತ್ತಲೋ, ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಲೋ ಇರುತ್ತಿದ್ದಳು. ಅವಳ ಕೈಗೆ ಮಾತ್ರ ಕೆಲಸ; ಕಣ್ಣಿಗೆ ಬಿಡುವು. ಆ ಕಣ್ಣು ಟೀವಿಯ ಮೇಲೆ ಇರುತ್ತಿತ್ತು ಎಂಬುದು ಉಡುಪರ ಗಮನಕ್ಕೆ ಬಂದಿರಲಿಲ್ಲ.

ಬರುವುದಾದರೂ ಹೇಗೆ? ಅವರ ನಿದ್ದೆಯದ್ದೇ ಒಂದು ಪ್ರತ್ಯೇಕ ಜಾತಿ. ಥಾಣೆಯಲ್ಲಿ ಪನ್ವೇಲ್ ಲೋಕಲ್ ಹತ್ತಿ ಕೂತರೆ ಮೊದಲ ಸ್ಟೇಷನ್ ಐರೋಳಿ ಬರುವುದರೊಳಗೆ ಕಣ್ಣು ಮುಚ್ಚುತ್ತಿತ್ತು. ಕುತ್ತಿಗೆ ವಾಲುವುದಿಲ್ಲ, ಬಾಯಿ ತೆರೆಯುವುದಿಲ್ಲ, ಗೊರಕೆಯಂತೂ ಇಲ್ಲವೇ ಇಲ್ಲ. ತೋರುಬೆರಳು ಕೆನ್ನೆಗೆ, ಹೆಬ್ಬೆರಳು ಗಲ್ಲಕ್ಕೆ, ಕನ್ನಡಕ ಮೂಗಿನ ಮೇಲೆ. ನೋಡಿದವರು, ಪಾಪ, ದೇಶದ ಬಗ್ಗೆ ಎಷ್ಟು ಚಿಂತೆ ಮಾಡುತ್ತಾರೆ ಅಂದುಕೊಳ್ಳಬೇಕು. ಗಾಡಿ ಬೇಲಾಪುರದಲ್ಲಿ ವೇಗ ಇಳಿಸುತ್ತಲೇ ತಟಕ್ಕನೆ ಎದ್ದು, ಬ್ಯಾಗು ಎಳೆದುಕೊಂಡು, ಬಾಗಿಲಿಗೆ ಅಡ್ಡ ನಿಂತವನ ಬೆನ್ನು ತಟ್ಟಿ "ಉತರ್‌ನಾ ಹೈ ಕ್ಯಾ?" ಅನ್ನುತ್ತಿದ್ದರು. ಇಳಿಯುವುದುಂಟಾ, ಇಲ್ಲದಿದ್ದರೆ ಬದಿಗೆ ಸರಿ ಎಂದು ತಾತ್ಪರ್ಯ. ಆ ಊರಿನ ಲೋಕಲ್ ಗಾಡಿಗಳಲ್ಲಿ ಇದಕ್ಕಿಂತ ಹೆಚ್ಚು ಬಳಕೆಯ ವಾಕ್ಯ ಇನ್ನೊಂದಿಲ್ಲ. ವರ್ಷಗಟ್ಟಲೆ ಹೇಳಿ ಹೇಳಿ ಉಡುಪರ ನಾಲಿಗೆಗೆ ಈ ಕೆಲಸಕ್ಕೆ ಬುದ್ಧಿಯ ಸಹಾಯವೇ ಬೇಕಾಗುತ್ತಿರಲಿಲ್ಲ.

ದಿವಾನದ ಮೇಲೂ ಇದೇ ವಿದ್ಯೆ. ಬ್ರಿಟಿಷ್ ಚಿತ್ರ ಸಮನಾದ ಸದ್ದಿನಲ್ಲಿ ಸಾಗುತ್ತಿದ್ದರೆ ಉಡುಪರ ಕಣ್ಣು ಆರನೆಯ ನಿಮಿಷಕ್ಕೆ ಮುಚ್ಚುತ್ತಿತ್ತು. ಚಿತ್ರ ಮುಗಿದು ಸದ್ದು ನಿಂತಾಗ ಬೇಲಾಪುರ ಬಂದ ಹಾಗೆ ತೆರೆಯುತ್ತಿತ್ತು. ಅಮೆರಿಕನ್ ಚಿತ್ರವಾದರೆ ಆಗಾಗ ಏನಾದರೊಂದು ಢಮ್ ಎಂದು ಸಿಡಿಯುವುದರಿಂದ ಎಚ್ಚರವಾಗಿ, ಯಾರೋ ಓಡುವುದನ್ನು ನೋಡಿ, ನೋಟುಬುಕ್ಕಿನಲ್ಲಿ ಒಂದು ಸಾಲು ಗೀಚಿ, ಮತ್ತೆ ಆಲೋಚನೆಗೆ ಇಳಿಯುತ್ತಿದ್ದರು. ಹೀಗೆ ಆರು ವರ್ಷದ ಕಠಿಣ ಸಂಶೋಧನೆಯಿಂದ ಹೊರಟದ್ದು ಅವರ ಸಿದ್ಧಾಂತ. ಅಮೆರಿಕನ್ ಚಿತ್ರದಲ್ಲಿ ಹನ್ನೆರಡು ನಿಮಿಷಕ್ಕೊಮ್ಮೆ ಸ್ಫೋಟ. ಪಾತ್ರಗಳು ನಡೆಯುವುದೇ ಇಲ್ಲ, ಓಡುತ್ತಲೇ ಇರುತ್ತಾರೆ. ಯಾಕೆ ಓಡುತ್ತಾರೆಂದು ನಿರ್ದೇಶಕ ಹೇಳುವುದಿಲ್ಲ. ಬ್ರಿಟಿಷ್ ಚಿತ್ರದಲ್ಲಾದರೋ ಮೊದಲು ಮಳೆ, ಆಮೇಲೆ ಚಹಾ, ಆಮೇಲೆ ಮುಚ್ಚಿದ ಬಾಗಿಲು, ಆಮೇಲೆ ತೆರೆಯ ಮೇಲೆ ನಟರ ಹೆಸರುಗಳು. ಮಧ್ಯವನ್ನು ಪ್ರೇಕ್ಷಕನ ಬುದ್ಧಿಗೆ ಬಿಟ್ಟಿರುತ್ತಾರೆ. ಇದಕ್ಕೆ ಉಡುಪರು ಇಟ್ಟ ಹೆಸರು 'ಮಧ್ಯಲೋಪ ಸಿದ್ಧಾಂತ'.

ಫೋನು ಬಂದ ಸಂಜೆಯೇ ಈ ಸಿದ್ಧಾಂತವನ್ನು ಅವರು ಹೆಂಡತಿಯ ಮೇಲೆ ಪ್ರಯೋಗಿಸಿದರು.

"ವಾರಿಜಾ, ಒಂದು ವಿಷಯ ಗಮನಿಸಿದ್ದೀಯಾ? ಬ್ರಿಟಿಷರ ಸಿನೆಮಾಕ್ಕೆ ಮಧ್ಯ ಅಂತ ಇಲ್ಲವೇ ಇಲ್ಲ."

"ಉಂಟಲ್ಲ."

"ಎಲ್ಲಿ ಉಂಟು?"

"ಮಧ್ಯದಲ್ಲಿ."

ಉಡುಪರಿಗೆ ಸಿಟ್ಟು ಬಂತು. "ತಮಾಷೆಯ ವಿಷಯ ಅಲ್ಲ ಮಾರಾಯ್ತಿ ಇದು. ಆ ಪೋಸ್ಟ್ ಆಫೀಸಿನ ಸಿನೆಮಾವನ್ನೇ ತಗೋ. ಮಳೆ ಬರ್ತಾ ಉಂಟು, ಟೊಪ್ಪಿ ಹಾಕಿದ ಹೆಂಗಸು ಬರ್ತಾಳೆ, ಒಂದು ಸ್ಟಾಂಪು ತಗೊಳ್ತಾಳೆ. ಇವತ್ತು ಸ್ವಲ್ಪ ಚಳಿ ಅಂತಾನೆ ಪೋಸ್ಟ್ ಮಾಸ್ಟರ್. ಹೌದು ಸ್ವಲ್ಪ ಅಂತಾಳೆ ಅವಳು. ಬಾಗಿಲು ಮುಚ್ಚಿತು, ಸಿನೆಮಾ ಮುಗೀತು! ಇಷ್ಟು ಚುಟುಕಾಗಿ ಮುಗಿಸುವ ಶಕ್ತಿ ಅಮೆರಿಕನ್ನರಿಗೆ ಎಲ್ಲಿಂದ ಬರಬೇಕು?"

"ಅದು ಶುರುವಾದದ್ದು ಎರಡು ಗಂಟೆಗೆ, ಮುಗ್ದದ್ದು ನಾಲ್ಕಕ್ಕೆ. ಗಡಿಯಾರ ನೋಡ್ಲಿಲ್ವಾ?"

"ಅದೇ ಮತ್ತೆ! ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಬ್ರಿಟಿಷ್ ಚಿತ್ರದ ಹೆಚ್ಚುಗಾರಿಕೆಯೇ ಅದು."

ಅಷ್ಟರಲ್ಲಿ ಒಳಗಿನಿಂದ ನಿಶಾಳ ದನಿ ಬಂತು. ಆ ಹುಡುಗಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಹಿಂದಿ. "ಪಪ್ಪಾ, ಆಪ್ ಸೋ ಜಾತೇ ಹೋ. ಹರ್ ಸಂಡೇ."

"ಯಾರು ಮಲಗಿದ್ದು? ಕಣ್ಣು ಮುಚ್ಚಿ ಕೇಳುವುದಕ್ಕೂ ನಿದ್ದೆಗೂ ವ್ಯತ್ಯಾಸ ಉಂಟು. ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಕಚೇರಿಯಲ್ಲಿ ಕಣ್ಣು ಮುಚ್ಚಿಯೇ ಸಂಗೀತ ಕೇಳುವುದು."

"ಲೇಕಿನ್ ಪಪ್ಪಾ, ಪಿಕ್ಚರ್ ದೇಖ್‌ನೇ ಕೀ ಚೀಜ್ ಹೈ." ಸಿನೆಮಾ ಇರುವುದು ನೋಡುವುದಕ್ಕಲ್ಲವೇ ಎಂದು ಅವಳ ವಾದ.

ವಾರಿಜಾ ನಗು ತಡೆದುಕೊಂಡು ಬಸಳೆ ದಂಟನ್ನು ಮುರಿದಳು. "ಜನರ ಎದುರು ನಿಂತು ಹೇಳುವುದಲ್ವಾ? ಆ ಸಿನೆಮಾ ಇನ್ನೊಮ್ಮೆ ತನ್ನಿ. ಪೂರ್ತಿ ನೋಡಿ. ಇಲ್ಲದಿದ್ರೆ ನಾನು ಕಥೆ ಹೇಳ್ತೇನೆ, ನೀವು ಬರ್ಕೊಳ್ಳಿ."

"ಹೆಂಡತಿಯ ಹತ್ರ ಕಥೆ ಹೇಳಿಸಿಕೊಂಡು ಉಪನ್ಯಾಸ ಕೊಡುವ ಗತಿ ಈ ಹಯಗ್ರೀವನಿಗೆ ಇನ್ನೂ ಬರ್ಲಿಲ್ಲ!" ಎಂದು ಉಡುಪರು ನೋಟುಬುಕ್ಕು ಫಟ್ಟನೆ ಮುಚ್ಚಿದರು. ಆದರೂ ಒಳಗೊಳಗೇ ಒಂದು ಸಂಶಯ ಇಣುಕದೆ ಇರಲಿಲ್ಲ. ಮರುಭಾನುವಾರ ಆ ಡಿವಿಡಿಯನ್ನು ಪುನಃ ತಂದರು, ಬೇರೆ ಯಾವುದೋ ಕಾರಣಕ್ಕೆ ತಂದವರ ಹಾಗೆ. ಈ ಸಲ ಕೂರುವುದೇ ಬೇಡ ಎಂದು ತೀರ್ಮಾನಿಸಿದರು. ಎರಡು ಲೋಟ ಕಾಫಿ ಕುಡಿದು, ಕಿಟಕಿಯ ಸರಳು ಹಿಡಿದು, ಟೀವಿಗೆ ಮುಖ ಮಾಡಿ ನಿಂತರು.

ಕಿಟಕಿಯ ಸರಳು ಹಿಡಿದದ್ದೇ ತಪ್ಪಾಯಿತು. ಲೋಕಲ್ಲಿನಲ್ಲಿ ಸೀಟು ಸಿಗದ ದಿನ ಮೇಲಿನ ಹಿಡಿಕೆ ಹಿಡಿದು ನಿಂತುಕೊಂಡೇ ಬೇಲಾಪುರ ಮುಟ್ಟಿದ ಅಭ್ಯಾಸ ಆ ಕೈಗೆ ಇತ್ತು. ಕಬ್ಬಿಣ ಬೆರಳಿಗೆ ತಾಗಿದ್ದೇ ತಡ, ಪೋಸ್ಟ್ ಮಾಸ್ಟರ್ 'ಇವತ್ತು ಸ್ವಲ್ಪ ಚಳಿ' ಅನ್ನುವ ಮೊದಲೇ ಉಡುಪರು ಐರೋಳಿ ದಾಟಿದ್ದರು. ಕಣ್ಣು ಬಿಟ್ಟಾಗ ಅದೇ ಮಳೆ, ಅದೇ ಮುಚ್ಚಿದ ಬಾಗಿಲು, ಅದೇ ಹೆಸರುಗಳು. ವಾರಿಜಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಕಂಡೆಯಾ?" ಎಂದರು ಉಡುಪರು ವಿಜಯದಿಂದ. "ಮಧ್ಯ ಇಲ್ಲ!"

"ನಿಮ್ಮನ್ನು ಎಬ್ಬಿಸುವ ಅಂತ ಮಾಡಿದೆ," ಎಂದಳು ವಾರಿಜಾ. "ನಿಂತುಕೊಂಡು ಮಲಗಿದವರನ್ನು ಎಬ್ಬಿಸಿದ್ರೆ ಬೀಳ್ತಾರೋ ಎಂತದೋ ಅಂತ ಹೆದರಿಕೆ ಆಯ್ತು."

"ನೀನು ಯಾಕೆ ಅಳ್ತಿದ್ದೀ?"

"ನೀರುಳ್ಳಿ," ಎಂದಳು. ಅವಳ ಮಡಿಲಲ್ಲಿ ಇದ್ದದ್ದು ಹಲಸಿನ ಬೀಜ.

ಭಾಷಣದ ಭಾನುವಾರ ಬಂತು. ಕೋಪರಿಯ ಶಾಲೆಯೊಂದರ ಸಭಾಂಗಣ, ಸಂಜೆ ನಾಲ್ಕು ಗಂಟೆ. ಹಿಂದುಗಡೆ ಶೆಟ್ಟರ ಹೋಟೆಲಿನಿಂದ ಬಂದ ಗೋಳಿಬಜೆ ಪಾತ್ರೆಯಲ್ಲಿ ಮುಚ್ಚಿಕೊಂಡು ಕಾಯುತ್ತಿತ್ತು. ಮುಂದುಗಡೆ ಅರುವತ್ತು ಜನ. ವಾರಿಜಾ ಎರಡನೆಯ ಸಾಲಿನಲ್ಲಿ, ಕೈಯಲ್ಲಿ ಜೀರಿಗೆ ಕಷಾಯದ ಫ್ಲಾಸ್ಕು. ನಿಶಾ ಪಕ್ಕದಲ್ಲಿ, ಕೈಯಲ್ಲಿ ಮೊಬೈಲು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಉಡುಪರು ವೇದಿಕೆಯ ಮೇಲೆ, ಅದೂ ಅಧ್ಯಕ್ಷರ ಎಡಗಡೆಯ ಆ ಹತ್ತಿಯ ಕುರ್ಚಿಯಲ್ಲೇ ಕೂತಿದ್ದರು. ಕೂತು ನೋಡಿದರು, ಅಂದುಕೊಂಡದ್ದಕ್ಕಿಂತ ಮೆತ್ತಗಿತ್ತು. ಇನ್ನು ಇದನ್ನು ಬಿಡಬಾರದು ಎಂದು ನಿಶ್ಚಯಿಸಿದರು.

ನ್ಯಾಯವಾಗಿ ಹೇಳಬೇಕೆಂದರೆ ಮೊದಲ ಅರ್ಧ ಗಂಟೆ ಅವರು ಸೊಗಸಾಗಿಯೇ ಮಾತಾಡಿದರು. "ಚಲನಚಿತ್ರವೆಂಬುದು ಬೆಳಕಿನ ಮಹಾಕಾವ್ಯ! ಅದರಲ್ಲಿ ಅಮೆರಿಕನ್ನನದು ರಭಸ, ಬ್ರಿಟಿಷನದು ಸಂಯಮ! ಒಬ್ಬ ಸಿಡಿಸುತ್ತಾನೆ, ಇನ್ನೊಬ್ಬ ಅಡಗಿಸುತ್ತಾನೆ!" ಎಂದು ಕೈ ಎತ್ತಿದಾಗ ಚಪ್ಪಾಳೆ ಬಿತ್ತು. ಪೋಸ್ಟ್ ಆಫೀಸಿನ ಸಿನೆಮಾವನ್ನು ಉದಾಹರಿಸಿ ಹೇಳಿದ ಮಧ್ಯಲೋಪ ಸಿದ್ಧಾಂತಕ್ಕೆ ಇನ್ನೂ ದೊಡ್ಡ ಚಪ್ಪಾಳೆ. ಲೀಲಾಧರ ಶೆಟ್ಟರು ತಲೆದೂಗುತ್ತಾ ಜೇಬಿನಿಂದ ಒಂದು ಚೀಟಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಅದರಲ್ಲಿ ತಮ್ಮ ಹೆಸರು ಇದೆ ಎಂದು ಉಡುಪರಿಗೆ ಓರೆಗಣ್ಣಿನಲ್ಲೇ ಕಂಡಿತು.

ಆಗ ನಾಲ್ಕನೆಯ ಸಾಲಿನಿಂದ ಸಿದ್ರಾಮ ಎದ್ದ. ಬಾಗಲಕೋಟೆ ಕಡೆಯವನು, ಕಳವಾ ಊರಿನ ರೈಲ್ವೆ ಕಾರ್‌ಶೆಡ್ಡಿನಲ್ಲಿ ಫಿಟ್ಟರು. ಕೇಳಬೇಕು ಅನಿಸಿದ್ದನ್ನು ಕೇಳದೆ ಇರುವ ಅಭ್ಯಾಸ ಅವನಿಗಿಲ್ಲ.

"ಸರ, ಭಾಳ ಚೊಲೊ ಹೇಳಿದ್ರಿ. ಒಂದ್ ಮಾತು ಕೇಳ್ಲೇನ್ರಿ? ಆ ಪೋಸ್ಟ್ ಆಫೀಸಿನ ಪಿಚ್ಚರ್ ನಾನೂ ನೋಡೀನ್ರಿ. ಅರ್ಧಕ್ಕ ಕರೆಂಟ್ ಹೋತು, ಮುಂದಿಂದು ನೋಡ್ಲಿಕ್ಕೇ ಆಗ್ಲಿಲ್ಲ. ಅವಾಗಿಂದ ತೆಲಿ ತಿನ್ನಾಕತ್ತೈತ್ರಿ. ಆಕಿ ಗುರುವಾರಕ್ಕೊಂದು ಪತ್ರ ಹಾಕತಾಳಲ್ರಿ, ಆ ಮಾಸ್ತರ ಅವನ್ನೆಲ್ಲ ತನ್ನ ಡ್ರಾವರದಾಗ ಯಾಕ ಬಚ್ಚಿಡ್ತಾನ್ರಿ?"

ಉಡುಪರು ಕನ್ನಡಕ ಸರಿಮಾಡಿಕೊಂಡರು. ಪತ್ರ? ಡ್ರಾವರು? ಅವರಿಗೆ ಗೊತ್ತಿದ್ದದ್ದು ಒಂದು ಟೊಪ್ಪಿ, ಒಂದು ಸ್ಟಾಂಪು, ಒಂದು ಬಾಗಿಲು.

"ಅದು... ಅದೇ ಮಧ್ಯಲೋಪ. ನಿರ್ದೇಶಕ ಅದನ್ನು ತೋರಿಸುವುದಿಲ್ಲ. ನಾವೇ ಊಹಿಸಬೇಕು."

"ಇಲ್ರೀ ಸರ, ತೋರಿಸ್ಯಾನ್ರಿ. ನಾ ನೋಡೀನಲ್ರಿ. ಮಧ್ಯ ಭಾಳ ಐತ್ರಿ ಅದರಾಗ. ನನಗ ಕಡೀಗಿ ಏನಾತು ಅನ್ನೋದಷ್ಟ ಬೇಕಾಗೈತಿ."

ಸಭೆಯಲ್ಲಿ ಗುಸುಗುಸು ಎದ್ದಿತು. ಉಡುಪರು ಎರಡನೆಯ ಸಾಲಿನ ಕಡೆ ನೋಡಿದರು. ವಾರಿಜಾ ತುಟಿ ಅಲ್ಲಾಡಿಸಿ ಏನೋ ಸೂಚಿಸುತ್ತಿದ್ದಳು. ಆಮೇಲೆ ಎದೆ ಮುಟ್ಟಿಕೊಂಡಳು, ಮೇಲೆ ಆಕಾಶ ತೋರಿಸಿದಳು. ಇದರಿಂದ ಉಡುಪರು ಹಿಡಿದ ಅರ್ಥ ಒಂದೇ.

"ವಿಮಾನ!" ಎಂದರು. "ಆ ಪತ್ರಗಳಲ್ಲಿ ಶತ್ರು ವಿಮಾನಗಳ ಗುಪ್ತ ಮಾಹಿತಿ ಇತ್ತು. ಹೆಂಗಸು ಗೂಢಚಾರಿಣಿ. ಕಡೆಗೆ ಪೋಸ್ಟ್ ಆಫೀಸು ಸ್ಫೋಟವಾಗ್ತದೆ."

"ನೀವಾ ಈಗ ಹೇಳಿದ್ರಿ," ಸಿದ್ರಾಮ ವಿನಯದಿಂದಲೇ ಅಂದ, "ಸ್ಫೋಟ ಆಗೋದು ಬರೇ ಅಮೆರಿಕದವರ ಪಿಚ್ಚರದಾಗ ಅಂತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶೆಟ್ಟರು ಮಡಿಲಿನ ಚೀಟಿಯನ್ನು ಮಡಚತೊಡಗಿದರು. ಒಂದು ಮಡಿಕೆ, ಎರಡು ಮಡಿಕೆ. ಆ ಮಡಿಕೆಗಳ ಜೊತೆ ಉಡುಪರ ಪ್ರಾಣವೂ ಮಡಚಿಕೊಳ್ಳುತ್ತಿತ್ತು. ಹದಿನಾಲ್ಕು ವರ್ಷದ ಕುರ್ಚಿಗಳು ಸಾಲಾಗಿ ಕಣ್ಣ ಮುಂದೆ ಬಂದವು. ಇನ್ನೇನು ದಾರಿ? ಮಾನ ಉಳಿಯಬೇಕು, ಕುರ್ಚಿಯೂ ಉಳಿಯಬೇಕು. ಉಡುಪರು ಮೈಕು ಎಳೆದುಕೊಂಡು ಗಂಭೀರವಾಗಿ ಹೇಳಿದರು: "ವಾಸ್ತವವಾಗಿ, ಈ ಭಾಗವನ್ನು ನಾನು ಉದ್ದೇಶಪೂರ್ವಕವಾಗಿಯೇ ನನ್ನ ಶ್ರೀಮತಿಗೆ ಬಿಟ್ಟಿದ್ದೇನೆ. ಮಹಿಳೆಯರಿಗೂ ಅವಕಾಶ ಕೊಡಬೇಕಲ್ಲ."

ವಾರಿಜಾ ಫ್ಲಾಸ್ಕನ್ನು ಮಗಳ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ವೇದಿಕೆಗೆ ಬಂದಳು. ಮೈಕು ಅವಳಿಗೆ ಎತ್ತರವಾಯಿತು. ಶೆಟ್ಟರು ಎದ್ದು ತಗ್ಗಿಸಿ ಕೊಟ್ಟರು.

"ಅವಳ ಮಗ ಯುದ್ಧಕ್ಕೆ ಹೋದವನು," ಎಂದು ಶುರುಮಾಡಿದಳು, ನೆರೆಮನೆಯವರಿಗೆ ಹೇಳುವಷ್ಟೇ ಸಾಧಾರಣವಾಗಿ. "ಗುರುವಾರ ಗುರುವಾರ ಅವನಿಗೆ ಕಾಗದ ಹಾಕ್ತಾಳೆ. ಅವನು ತೀರಿಕೊಂಡ ಸುದ್ದಿ ಬಂದು ವರ್ಷವೇ ಆಗಿದೆ. ಕಾಗದ ಎಲ್ಲ ವಾಪಸ್ ಬರ್ತದೆ. ಅದನ್ನು ಅವಳ ಮನೆಗೆ ಮುಟ್ಟಿಸ್ಲಿಕ್ಕೆ ಆ ಪೋಸ್ಟ್ ಮಾಸ್ಟರಿಗೆ ಮನಸ್ಸು ಬರುವುದಿಲ್ಲ. ಡ್ರಾವರಿನಲ್ಲಿ ಇಡ್ತಾ ಹೋಗ್ತಾನೆ. ಅವಳು ಬಂದಾಗ ಇವತ್ತು ಸ್ವಲ್ಪ ಚಳಿ ಅಂತಾನೆ, ಅಷ್ಟೇ. ಕಡೆಗೆ ಅವನಿಗೆ ರಿಟೈರ್ ಆಗ್ತದೆ. ಕೊನೇ ದಿನ ಅವಳು ಬಂದಾಗ ಆ ಕಟ್ಟನ್ನು ತೆಗೆದು ಮೇಜಿನ ಮೇಲೆ ಇಡ್ತಾನೆ. ಅವಳು ನೋಡ್ತಾಳೆ. ಗೊತ್ತಿತ್ತು ಅಂತಾಳೆ. ಗೊತ್ತಿದ್ರೂ ಯಾಕೆ ಬರ್ತಿದ್ರಿ ಅಂತ ಅವನು ಕೇಳುವುದಿಲ್ಲ. ಇವತ್ತು ಸ್ವಲ್ಪ ಚಳಿ, ಒಳಗೆ ಬನ್ನಿ, ಚಹಾ ಇಡ್ತೇನೆ ಅಂತಾನೆ. ಬಾಗಿಲು ಹಾಕ್ತಾನೆ. ಇವರು ನೋಡಿದ ಬಾಗಿಲು ಅದೇ."

ಸಿದ್ರಾಮ ನಿಂತಲ್ಲೇ ಮೂಗು ಒರೆಸಿಕೊಂಡು "ಯವ್ವಾ" ಎಂದು ಕೂತ. ಉಡುಪರು ಬಾಯಿ ತೆರೆದು ಹೆಂಡತಿಯನ್ನೇ ನೋಡಿದರು. ತಾನು ಎರಡೆರಡು ಸಲ ಆ ಬಾಗಿಲನ್ನು ಕಂಡವನು. ಅದರ ಹಿಂದೆ ಇಷ್ಟೆಲ್ಲ ಇತ್ತೇ? ಹಲಸಿನ ಬೀಜ ಬಿಡಿಸುತ್ತಾ ನೀರುಳ್ಳಿ ಅಂದಳಲ್ಲ ಇವಳು! ಅವರಿಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು, ಯಾವುದು ಮೊದಲು ಆಯಿತೆಂದು ಹೇಳುವುದು ಕಷ್ಟ.

"ಸ್ಟೈಲು ಎಂತದು ಅಂದ್ರೆ," ವಾರಿಜಾ ಅವರು ಮುಂದುವರಿಸಿದರು. (ಇನ್ನು ಮೇಲೆ ಕಥೆಯಲ್ಲೂ ಬಹುವಚನ, ಅಷ್ಟು ಜನ ಬಾಯಿ ಮುಚ್ಚಿ ಕೇಳುತ್ತಿದ್ದಾಗ ಏಕವಚನ ಬಳಸುವ ಧೈರ್ಯ ನಮಗಿಲ್ಲ.) "ಅಮೆರಿಕದವರಾದ್ರೆ ಆ ಮಾಸ್ಟರು ಕಾಗದ ಹಿಡ್ಕೊಂಡು ಮಳೆಯಲ್ಲಿ ಓಡಿ ಬರ್ತಿದ್ದ. ಎಲ್ಲ ಬಾಯಿಬಿಟ್ಟು ಹೇಳ್ತಿದ್ದ. ಇಬ್ಬರೂ ತಬ್ಬಿಕೊಂಡು ಅಳ್ತಿದ್ರು, ಕ್ಯಾಮರಾ ಕಣ್ಣೀರಿನ ತನಕ ಹತ್ರ ಬರ್ತಿತ್ತು. ಅದೂ ಚೆಂದವೇ, ನನಗೂ ಅಳು ಬರ್ತದೆ. ನಮ್ಮಲ್ಲಿ ಕೆಲವು ನೆಂಟರು ಸೀದಾ ಅಡಿಗೆಮನೆಗೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡ್ತಾರಲ್ಲ, ಅವರ ಕ್ಯಾಮರಾ ಹಾಗೆ. ಬ್ರಿಟಿಷರದ್ದು ಜಗಲಿಯಲ್ಲೇ ಕೂತುಕೊಳ್ತದೆ. ಹೇಳುವುದೆಲ್ಲ ಹೊಟ್ಟೆಯೊಳಗೆ ಇರ್ತದೆ, ಬಾಯಲ್ಲಿ ಬರುವುದು ಚಹಾ ಇಡ್ಲಾ ಅಂತ ಒಂದೇ ಮಾತು. ನಾವು ಹೆಂಗಸರಿಗೆ ಅದು ಬೇಗ ಅರ್ಥ ಆಗ್ತದೆ. ಇನ್ನು ಬೆಳಕಿನ ವಿಷಯ ನೋಡಿ..."

ಬೆಳಕಿನ ವಿಷಯದಲ್ಲಿ ವಾರಿಜಾ ಅವರು ಏನೆಂದರು ಎಂದು ಇಲ್ಲಿ ಬರೆಯುವಂತಿಲ್ಲ. ಯಾಕೆಂದರೆ ಈ ಕಥೆ ಹೋಗುತ್ತಿರುವುದು ಉಡುಪರ ಬೆನ್ನಿಗೆ. ಉಡುಪರು ಹತ್ತಿಯ ಕುರ್ಚಿಯಲ್ಲಿ ಕೂತಿದ್ದರು, ಫ್ಯಾನು ತಿರುಗುತ್ತಿತ್ತು, ಇಪ್ಪತ್ತೆರಡು ವರ್ಷದಿಂದ ಕಿವಿಗೆ ಒಗ್ಗಿದ ದನಿ ಏರಿಳಿತವಿಲ್ಲದೆ ಸಮನಾಗಿ ಸಾಗುತ್ತಿತ್ತು. ತೋರುಬೆರಳು ತಾನಾಗಿ ಕೆನ್ನೆಗೆ ಏರಿತು, ಹೆಬ್ಬೆರಳು ಗಲ್ಲಕ್ಕೆ. ಹೆಂಡತಿಯ ಮಾತನ್ನು ಎಷ್ಟು ತನ್ಮಯರಾಗಿ ಕೇಳುತ್ತಾರಪ್ಪಾ ಎಂದು ಮುಂದಿನ ಸಾಲಿನ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ ತಿವಿದು ತೋರಿಸಿದರಂತೆ.

ಮುಕ್ಕಾಲು ಗಂಟೆ ಹೀಗೆ ಸಂದಿತು. ವಾರಿಜಾ ಅವರು ಮಾತು ನಿಲ್ಲಿಸಿದರು. ಆ ಸಭಾಂಗಣದಲ್ಲಿ ಹಿಂದೆಂದೂ ಕೇಳದಂಥ ಚಪ್ಪಾಳೆ. ಎಲ್ಲರೂ ಎದ್ದು ನಿಂತರು.

ಉಡುಪರೂ ಎದ್ದರು. ತಟಕ್ಕನೆ ಎದ್ದು, ಶೆಟ್ಟರ ಕಾಲ ಬಳಿ ಇದ್ದ ಕಪ್ಪು ಬ್ಯಾಗನ್ನು ಎಳೆದು ಎದೆಗೆ ಅವುಚಿಕೊಂಡು, ವೇದಿಕೆಯ ಮೆಟ್ಟಿಲಿಗೆ ಅಡ್ಡವಾಗಿ ಚಪ್ಪಾಳೆ ತಟ್ಟುತ್ತಿದ್ದ ಲೀಲಾಧರ ಶೆಟ್ಟರ ಬೆನ್ನು ತಟ್ಟಿ, ಮೈಕಿಗೆ ಒಂದು ಗೇಣು ದೂರದಿಂದ ಕೇಳಿದರು:

"ಉತರ್‌ನಾ ಹೈ ಕ್ಯಾ?"

ಅರುವತ್ತು ಜನರಲ್ಲಿ ಐವತ್ತೈದು ಜನ ನಿತ್ಯ ಲೋಕಲ್ಲಿನಲ್ಲಿ ಓಡಾಡುವವರು. ಯಾರಿಗೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲು ನಕ್ಕದ್ದು ನಿಶಾ, ಕುರ್ಚಿಯಿಂದ ಜಾರಿ ಕೆಳಗೆ ಕೂತು. ಆಮೇಲೆ ಇಡೀ ಸಭಾಂಗಣ. ಸಿದ್ರಾಮ ನಾಲ್ಕನೆಯ ಸಾಲಿನಿಂದ "ಸರ, ಬೇಲಾಪುರ ಇನ್ನಾ ದೂರ ಐತ್ರಿ, ಕೂಡ್ರಿ!" ಎಂದು ಕೂಗಿದ. ಶೆಟ್ಟರು ನಗುತ್ತಲೇ ತಮ್ಮ ಬ್ಯಾಗನ್ನು ವಾಪಸ್ ತೆಗೆದುಕೊಂಡರು. ಮಡಚಿದ ಚೀಟಿಯನ್ನು ಬಿಡಿಸಿ, ಅದರ ಮೇಲೆ ಪೆನ್ನಿನಿಂದ ಒಂದೇ ಪದ ತಿದ್ದಿ, ಗಟ್ಟಿಯಾಗಿ ಓದಿದರು. ಉಡುಪ ಎಂಬ ಹೆಸರು ಹಾಗೆಯೇ ಇತ್ತು. ಅದರ ಹಿಂದಿನ ಹಯಗ್ರೀವ ಹೋಗಿ ವಾರಿಜಾ ಬಂದಿತ್ತು.

ಆ ದಿನದ ವಂದನಾರ್ಪಣೆಯನ್ನು ಯಾರು ಮಾಡಿದರೆಂದು ಹೇಳಬೇಕಾಗಿಲ್ಲ. ವಿಶೇಷವೆಂದರೆ ಒಬ್ಬರೂ ಗೋಳಿಬಜೆಯ ಕಡೆ ಹೋಗಲಿಲ್ಲ. ಈ ಮನುಷ್ಯ ಇನ್ನೇನು ಮಾಡುತ್ತಾನೋ ಎಂದು ಅರುವತ್ತು ಜನವೂ ಕೂತು ಕೇಳಿದರು. ಹದಿನಾಲ್ಕು ವರ್ಷ ಬಯಸಿದ್ದ ತುಂಬಿದ ಸಭೆ ಕಣ್ಣೆದುರು ಇತ್ತು. ಉಡುಪರು ಮೈಕು ಹಿಡಿದರು. "ಎಲ್ಲರಿಗೂ... ವಿಶೇಷವಾಗಿ ಮಧ್ಯದ ಭಾಗವನ್ನು ನಿರ್ವಹಿಸಿದವರಿಗೆ... ಧನ್ಯವಾದ," ಎಂದು ಮುಗಿಸಿದರು.

ಮನೆಗೆ ಬರುವ ದಾರಿಯಲ್ಲಿ ನಿಶಾ ಅಮೆರಿಕನ್ ಶೈಲಿಯಲ್ಲಿ ಎಲ್ಲ ಗೆಳತಿಯರಿಗೂ ಫೋನು ಮಾಡಿ, ನಕ್ಕು, ಕಣ್ಣೀರು ಒರೆಸಿಕೊಂಡು, ಪುನಃ ನಕ್ಕಳು. ವಾರಿಜಾ ಅವರು ಒಂದು ಮಾತೂ ಆಡಲಿಲ್ಲ. ಉಡುಪರಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಮನೆಗೆ ಬಂದು ಫ್ಲಾಸ್ಕು ತೊಳೆದಿಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಇಷ್ಟೇ: "ಕಾಫಿ ಇಡ್ಲಾ?" ಉಡುಪರು ತಲೆಯಾಡಿಸಿ, ಸಿಟ್ಟಿಲ್ಲವಲ್ಲ ಸದ್ಯ ಎಂದು ಎದೆ ಹಗುರ ಮಾಡಿಕೊಂಡರು.

ಎರಡು ವಾರ ಬಿಟ್ಟು ಮುಂದಿನ ತಿಂಗಳ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ, 'ವಿಶೇಷ ಉಪನ್ಯಾಸ: ಶ್ರೀಮತಿ ವಾರಿಜಾ ಉಡುಪ, ಸಾಂಸ್ಕೃತಿಕ ಕಾರ್ಯದರ್ಶಿ'. ಉಡುಪರ ಕಣ್ಣು ಅಭ್ಯಾಸಬಲದಿಂದ ಕೆಳಕ್ಕೆ, ಲಘು ಉಪಾಹಾರದ ಒಂದು ಸಾಲು ಮೇಲಕ್ಕೆ ಹೋಯಿತು. ಅಲ್ಲಿ ಹೀಗಿತ್ತು: 'ವಂದನಾರ್ಪಣೆ: ಶ್ರೀ ಹಯಗ್ರೀವ ಉಡುಪ (ಎಚ್ಚರವಿದ್ದಲ್ಲಿ)'.

ಉಡುಪರು ಕೆಂಡವಾಗಿ ಶೆಟ್ಟರಿಗೆ ಫೋನು ಹಚ್ಚಿದರು. "ಇದೆಂತ ಶೆಟ್ರೇ, ಬ್ರಾಕೆಟ್ಟಿನಲ್ಲಿ ನನ್ನ ಮಾನ ತೆಗೆದಿದ್ದೀರಿ!"

"ನನಗೆ ಗೊತ್ತಿಲ್ಲ ಮಾರಾಯ್ರೆ," ಎಂದರು ಶೆಟ್ಟರು ಗಲ್ಲಾದಿಂದ. "ನಾನು ಬರೀ ಹೆಸರು ಕೊಟ್ಟದ್ದು. ಪ್ರೂಫು ನೋಡುವುದು ಸಾಂಸ್ಕೃತಿಕ ಕಾರ್ಯದರ್ಶಿಗಳಲ್ವಾ?"

ಉಡುಪರು ಫೋನು ಕೆಳಗಿಟ್ಟು, ಪತ್ರಿಕೆ ಹಿಡಿದು ಮೆಲ್ಲಗೆ ಅಡಿಗೆಮನೆಯ ಕಡೆ ತಿರುಗಿದರು. ಸಾಂಸ್ಕೃತಿಕ ಕಾರ್ಯದರ್ಶಿಗಳು ಬಸಳೆ ದಂಟು ಮುರಿಯುತ್ತಾ ಚಾಪೆಯ ಮೇಲೆ ಕೂತಿದ್ದರು. ಗಂಡನ ಕೈಯಲ್ಲಿದ್ದ ಪತ್ರಿಕೆಯನ್ನು ನೋಡಿದರು, ಮುಖವನ್ನೂ ನೋಡಿದರು.

"ಕಾಫಿ ಇಡ್ಲಾ?" ಎಂದು ಕೇಳಿದರು.